ಅಣುಸ್ಫೋಟದ ಅತಿಥಿಗಳು

ನೆಂಟರನ್ನು ಊಟಕ್ಕೆ ಕರೆದ ಮೇಲೆ ಅಡಿಗೆಮನೆಯ ಬಾಗಿಲನ್ನು ಎಷ್ಟರಮಟ್ಟಿಗೆ ತೆರೆದಿಡಬೇಕು ಎಂಬುದು ಗೃಹಸ್ಥರೆಲ್ಲರೂ ಬಲ್ಲ ಸಮಸ್ಯೆ. ಪಂಕ್ತಿಯಲ್ಲಿ ಕೂರಿಸಿ ಬಡಿಸಬೇಕು, ಮರ್ಯಾದೆಗೆ ಕೊರತೆಯಾಗಬಾರದು; ಆದರೆ ಒಳಗೆ ಯಾವ ಪಾತ್ರೆಯಲ್ಲಿ ಏನಿದೆ, ಎಷ್ಟು ಉಳಿದಿದೆ ಎಂಬುದು ಮಾತ್ರ ಅವರ ಕಣ್ಣಿಗೆ ಬೀಳಕೂಡದು. ಎರಡನೆಯ ಮಹಾಯುದ್ಧದ ಕೊನೆಯಿಂದ ಮೊದಲುಗೊಂಡು ಹತ್ತು ಹದಿನೈದು ವರ್ಷಗಳ ಕಾಲ ಲೋಕದ ಬಲಿಷ್ಠ ಸರ್ಕಾರಗಳು ಹೆಚ್ಚುಕಡಿಮೆ ಇದೇ ಸಮಸ್ಯೆಯಲ್ಲಿ ತೊಳಲಾಡಿದುವು. ಅವು ಅತಿಥಿಗಳನ್ನು ಕರೆದದ್ದು ಅಣುಬಾಂಬಿನ ಪರೀಕ್ಷೆಗೆ. ಮಿತ್ರರಾಷ್ಟ್ರದ ವಿಜ್ಞಾನಿಗಳೂ ಸೇನಾಧಿಕಾರಿಗಳೂ ಬಂದು ನೋಡಬೇಕು, ನೋಡಿ ಬೆರಗಾಗಬೇಕು. ಆದರೆ ಹೆಚ್ಚು ತಿಳಿದುಕೊಂಡು ಹೋಗಕೂಡದು. ಯಾವುದನ್ನು ತೋರಿಸುವುದು, ಯಾವುದನ್ನು ಹೇಳುವುದು, ಯಾವುದಕ್ಕೆ ಬೀಗ ಹಾಕುವುದು?

ಬಾಂಬುಗಳ ಬಲ, ವಿಮಾನಗಳ ವೇಗ ಇವುಗಳ ಕಥೆಗಿಂತ ಈ ಪ್ರಶ್ನೆಯ ಕಥೆಯೇ ನನಗೆ ಹೆಚ್ಚು ಬೋಧಪ್ರದವಾಗಿ ಕಂಡಿದೆ. ಸರ್ಕಾರವೊಂದು ತನ್ನ ಗೆಳೆಯನಿಂದ ಏನನ್ನು ಮರೆಮಾಡುತ್ತದೆ ಎಂಬುದನ್ನು ನೋಡಿದರೆ ಅದು ಯಾರಿಗೆ ಹೆದರುತ್ತದೆ, ಯಾರನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂಬುದು ತಾನಾಗಿ ತಿಳಿದುಬರುತ್ತದೆ.

ಕಥೆಯ ಆರಂಭ ಕೆನಡದ ಕ್ವಿಬೆಕ್ ನಗರದಲ್ಲಿ. 1943ರ ಆಗಸ್ಟ್ 19ರಂದು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್, ಇಂಗ್ಲೆಂಡಿನ ಪ್ರಧಾನಿ ಚರ್ಚಿಲ್ ಇಬ್ಬರೂ ಅಲ್ಲಿ ಒಂದು ಗುಪ್ತ ಒಪ್ಪಂದಕ್ಕೆ ಸಹಿ ಹಾಕಿದರು. ಈ ಅಸ್ತ್ರವನ್ನು ಒಬ್ಬರ ಮೇಲೊಬ್ಬರು ಪ್ರಯೋಗಿಸತಕ್ಕದ್ದಲ್ಲ. ಪರಸ್ಪರ ಒಪ್ಪಿಗೆಯಿಲ್ಲದೆ ಮೂರನೆಯವರ ಮೇಲೂ ಪ್ರಯೋಗಿಸತಕ್ಕದ್ದಲ್ಲ. ಪರಸ್ಪರ ಒಪ್ಪಿಗೆಯಿಲ್ಲದೆ ಇದರ ವಿಷಯವನ್ನು ಮೂರನೆಯವರಿಗೆ ತಿಳಿಸತಕ್ಕದ್ದೂ ಅಲ್ಲ. ಈ ಕರಾರಿನ ಬಲದಿಂದ ಜೇಮ್ಸ್ ಚಾಡ್ವಿಕ್ ಅವರ ಮುಂದಾಳುತನದಲ್ಲಿ ಬ್ರಿಟಿಷ್ ವಿಜ್ಞಾನಿಗಳ ತಂಡವೊಂದು ಅಮೆರಿಕಕ್ಕೆ ಹೋಗಿ, ಲಾಸ್ ಅಲಮೋಸ್‌ನ ಪ್ರಯೋಗಶಾಲೆಯಲ್ಲಿ ಅಮೆರಿಕನ್ನರ ಜೊತೆಯಲ್ಲೇ ದುಡಿಯಿತು. 1945ರ ಜುಲೈ 16ರ ಬೆಳಗಿನ ಜಾವ ನ್ಯೂ ಮೆಕ್ಸಿಕೋದ ಮರಳುಗಾಡಿನಲ್ಲಿ ‘ಟ್ರಿನಿಟಿ’ ಎಂಬ ಹೆಸರಿನ ಮೊತ್ತಮೊದಲ ಪರೀಕ್ಷೆ ನಡೆದಾಗ ಇಪ್ಪತ್ತು ಮೈಲಿ ಆಚೆಯ ಗುಡ್ಡದ ಮೇಲೆ ನಿಂತು ನೋಡಿದವರಲ್ಲಿ ಚಾಡ್ವಿಕ್ ಇದ್ದರು, ಗಣಿತಜ್ಞ ಜೆಫ್ರಿ ಟೇಲರ್ ಇದ್ದರು. ಆ ಬೆಳಗಿನ ಮಟ್ಟಿಗೆ ಅತಿಥಿ, ಆತಿಥೇಯ ಎಂಬ ಭೇದವಿರಲಿಲ್ಲ; ಅಡಿಗೆ ಮಾಡಿದವರೇ ಬಡಿಸಿಕೊಂಡಂತೆ ಇತ್ತು.

ಭೇದ ತಲೆಹಾಕಲು ಒಂದು ತಿಂಗಳೂ ಬೇಕಾಗಲಿಲ್ಲ. ಜಪಾನಿನ ಮೇಲೆ ಬಾಂಬು ಬೀಳುವುದನ್ನು ನೋಡಲು ಬ್ರಿಟಿಷ್ ಸರ್ಕಾರ ಇಬ್ಬರು ವೀಕ್ಷಕರನ್ನು ಟಿನಿಯನ್ ದ್ವೀಪಕ್ಕೆ ಕಳುಹಿಸಿತ್ತು. ಒಬ್ಬರು ಭೌತವಿಜ್ಞಾನಿ ವಿಲಿಯಂ ಪೆನಿ. ಇನ್ನೊಬ್ಬರು ವೈಮಾನಿಕ ಲೆನರ್ಡ್ ಚೆಷೈರ್. ಹಿರೋಷಿಮಕ್ಕೆ ಹೊರಟ ವಿಮಾನಗಳಲ್ಲಿ ಅವರಿಗೆ ಜಾಗ ಸಿಕ್ಕಲಿಲ್ಲ. ಆಗಸ್ಟ್ 9ರಂದು ನಾಗಸಾಕಿಯ ಸರದಿಯಲ್ಲಿ ಅವರನ್ನು ಹತ್ತಿಸಿಕೊಂಡ ವಿಮಾನ ಉಳಿದವನ್ನು ಸೇರಬೇಕಾದ ಜಾಗದಲ್ಲಿ ಸೇರದೆ ಹೋಯಿತು. ಹೀಗಾಗಿ ಮಿತ್ರರಾಷ್ಟ್ರದ ಅಧಿಕೃತ ವೀಕ್ಷಕರು ಬಹು ದೂರದಿಂದ ಮಿಂಚನ್ನೂ ಮೇಲೇಳುತ್ತಿದ್ದ ಮೋಡವನ್ನೂ ಕಂಡು ಹಿಂದಿರುಗಿದರು. ಮುಂದಿನ ವರ್ಷಗಳ ವೃತ್ತಾಂತಕ್ಕೆಲ್ಲ ಈ ಪ್ರಯಾಣ ಒಂದು ಶಕುನದಂತೆ ನನಗೆ ತೋರುತ್ತದೆ.

ಯುದ್ಧ ಮುಗಿದ ಮರುವರ್ಷ, 1946ರ ಬೇಸಿಗೆಯಲ್ಲಿ, ಅಮೆರಿಕದ ನೌಕಾಪಡೆ ಪೆಸಿಫಿಕ್ ಸಾಗರದ ಬಿಕಿನಿ ದ್ವೀಪವಲಯದಲ್ಲಿ ಎರಡು ಬಾಂಬುಗಳನ್ನು ಸಿಡಿಸಿತು. ಆ ಕಾರ್ಯಾಚರಣೆಯ ಹೆಸರು ‘ಕ್ರಾಸ್‌ರೋಡ್ಸ್’. ಗೆದ್ದ ಜಪಾನೀ ಯುದ್ಧನೌಕೆ, ಜರ್ಮನ್ ಕ್ರೂಸರು, ತನ್ನವೇ ಹಳೆಯ ಹಡಗುಗಳು, ಎಲ್ಲ ಸೇರಿ ತೊಂಬತ್ತಕ್ಕೂ ಮಿಕ್ಕ ಹಡಗುಗಳನ್ನು ಗುರಿಯಾಗಿ ನಿಲ್ಲಿಸಿ, ಸುಮಾರು 42,000 ಜನರನ್ನು ಕೆಲಸಕ್ಕೆ ತೊಡಗಿಸಿ ನಡೆಸಿದ ಭಾರಿ ಪ್ರದರ್ಶನ ಅದು. ಪತ್ರಕರ್ತರಿಗೆ ಒಂದು ಹಡಗು, ಪರದೇಶದ ವೀಕ್ಷಕರಿಗೆ ಒಂದು ಹಡಗು. ವಿಶ್ವಸಂಸ್ಥೆಯ ಪರಮಾಣು ಶಕ್ತಿ ಆಯೋಗದಲ್ಲಿದ್ದ ರಾಷ್ಟ್ರಗಳಿಗೆಲ್ಲ ಆಹ್ವಾನ ಹೋಗಿತ್ತು. ರಷ್ಯದಿಂದಲೂ ಇಬ್ಬರು ಬಂದಿದ್ದರು.

ಅವರಿಗೆ ತೋರಿಸಬಹುದಾದದ್ದು ಏನೆಂಬುದಕ್ಕೆ ಅಧಿಕಾರಿಗಳಲ್ಲಿ ಒಂದು ಸರಳ ಸೂತ್ರವಿತ್ತು. ಬಾಂಬು ಏನು ಮಾಡುತ್ತದೆ ಎಂಬುದನ್ನು ನೋಡಲಿ; ಹೇಗೆ ಮಾಡುತ್ತದೆ ಎಂಬುದು ತಿಳಿಯದಿರಲಿ. ಹೊರಗಿನದು ಅತಿಥಿಗೆ, ಒಳಗಿನದು ಮನೆಯವರಿಗೆ. ಆದರೆ ಹೊರಗಿನದನ್ನು ತೋರಿಸುವುದೂ ಸುಲಭವಾಗಿರಲಿಲ್ಲ. ಜುಲೈ 1ರ ಮೊದಲ ಬಾಂಬು ಗುರಿ ತಪ್ಪಿ ಅರ್ಧ ಕಿಲೋಮೀಟರಿಗಿಂತಲೂ ಆಚೆ ಬಿತ್ತು. ಐದು ಹಡಗುಗಳು ಮುಳುಗಿದುವು. ಲೋಕವೇ ಬಿರಿಯುವುದೆಂದು ಕಾದಿದ್ದ ವೀಕ್ಷಕರಲ್ಲಿ ಅನೇಕರು ‘ಇಷ್ಟೆಯೆ?’ ಎಂದುಕೊಂಡರು. ಜುಲೈ 25ರ ಎರಡನೆಯದು ನೀರಿನಡಿಯಲ್ಲಿ ಸಿಡಿದು, ಕಡಲಿನ ನೀರು ಕಂಬವಾಗಿ ಎದ್ದು ಹಡಗುಗಳ ಮೇಲೆ ಸುರಿಯಿತು. ಆ ನೀರು ಹೊತ್ತು ತಂದ ವಿಕಿರಣವನ್ನು ತೊಳೆದು ತೆಗೆಯಲು ನಾವಿಕರು ಎಷ್ಟು ಉಜ್ಜಿದರೂ ಅದು ಹೋಗಲಿಲ್ಲ. ಆಗಸ್ಟ್ ತಿಂಗಳಲ್ಲಿ ಆ ಕೆಲಸವನ್ನೇ ನಿಲ್ಲಿಸಬೇಕಾಯಿತು. ಮೂರನೆಯ ಪರೀಕ್ಷೆಯನ್ನು ಕೈಬಿಡಬೇಕಾಯಿತು. ಕಪ್ಪು ಕನ್ನಡಕದ ಮೂಲಕ ನೋಡಿದ ಅತಿಥಿಗಳ ಕಣ್ಣಿಗೆ ಬೆಂಕಿಯೂ ಹೊಗೆಯೂ ನೀರೂ ಕಂಡುವು. ಅಣುಬಾಂಬಿನ ನಿಜವಾದ ಹೊಸತನವಾದ ಆ ವಿಷ ಕಾಣಲಿಲ್ಲ. ಅದು ಯಾರ ಕಣ್ಣಿಗೂ ಕಾಣುವಂಥದಲ್ಲ. ಆ ದ್ವೀಪದ 167 ಮಂದಿ ನಿವಾಸಿಗಳನ್ನು ಮಾರ್ಚ್ ತಿಂಗಳಲ್ಲೇ ಬೇರೆಡೆಗೆ ಸಾಗಿಸಿದ್ದರು. ಅವರ ಹೆಸರು ಅತಿಥಿಗಳ ಪಟ್ಟಿಯಲ್ಲಿ ಇರಲಿಲ್ಲ.

ಎರಡನೆಯ ಬಾಂಬು ಸಿಡಿದ ಒಂದು ವಾರಕ್ಕೆ, ಆಗಸ್ಟ್ 1ರಂದು, ಅಧ್ಯಕ್ಷ ಟ್ರೂಮನ್ ಹೊಸ ಪರಮಾಣು ಶಕ್ತಿ ಕಾಯಿದೆಗೆ ಸಹಿ ಹಾಕಿದರು. ಸೆನೆಟರ್ ಮ್ಯಾಕ್‌ಮಹನ್ ಅವರ ಹೆಸರಿನಿಂದ ಪ್ರಸಿದ್ಧವಾದ ಈ ಕಾಯಿದೆ ಅಣುರಹಸ್ಯವನ್ನು ಯಾವ ಪರರಾಷ್ಟ್ರಕ್ಕೂ ಕೊಡದಂತೆ ಬಾಗಿಲು ಹಾಕಿತು. ಜೊತೆಗೆ ದುಡಿದ ಇಂಗ್ಲೆಂಡೂ ಆ ಕ್ಷಣದಿಂದ ಪರರಾಷ್ಟ್ರವಾಯಿತು. ಕಾಯಿದೆಯನ್ನು ರಚಿಸಿದವರಿಗೆ ಕ್ವಿಬೆಕ್ ಒಪ್ಪಂದದ ಸುದ್ದಿಯೇ ಗೊತ್ತಿರಲಿಲ್ಲ, ಏಕೆಂದರೆ ಆ ಒಪ್ಪಂದವೇ ಒಂದು ರಹಸ್ಯ. ಯುದ್ಧಾನಂತರವೂ ಸಹಕಾರ ಮುಂದುವರಿಯಬೇಕೆಂದು 1944ರಲ್ಲಿ ರೂಸ್‌ವೆಲ್ಟ್ ಮತ್ತು ಚರ್ಚಿಲ್ ಬರೆದುಕೊಂಡ ಇನ್ನೊಂದು ಕಾಗದದ ಅಮೆರಿಕನ್ ಪ್ರತಿ ನೌಕಾಪಡೆಯ ಕಾಗದಪತ್ರಗಳ ನಡುವೆ ಸೇರಿಹೋಗಿ, ವರ್ಷಗಳ ಕಾಲ ಯಾರ ಕೈಗೂ ಸಿಕ್ಕಲಿಲ್ಲ. ಗುಟ್ಟನ್ನು ಅತಿಯಾಗಿ ಕಾಪಾಡಿದರೆ ಕೊಟ್ಟ ಮಾತೂ ಗುಟ್ಟಿನಲ್ಲೇ ಹೂತುಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ.

ಹಾಗೆ ಮುಚ್ಚಿದ ಬಾಗಿಲಿನ ಹಿಂದೆ ಉಳಿದದ್ದಾದರೂ ಎಷ್ಟು? ಲಾಸ್ ಅಲಮೋಸ್‌ಗೆ ಬಂದಿದ್ದ ಬ್ರಿಟಿಷ್ ತಂಡದಲ್ಲಿ ಕ್ಲಾಸ್ ಫುಕ್ಸ್ ಎಂಬ ವಿಜ್ಞಾನಿಯೊಬ್ಬನಿದ್ದ. 1945ರ ಜುಲೈ 24ರಂದು ಪಾಟ್ಸ್‌ಡ್ಯಾಮ್‌ನಲ್ಲಿ ಟ್ರೂಮನ್, ಅಸಾಧಾರಣ ನಾಶಶಕ್ತಿಯ ಹೊಸ ಆಯುಧವೊಂದು ನಮ್ಮಲ್ಲಿದೆಯೆಂದು ಸ್ಟಾಲಿನ್ನನ ಕಿವಿಗೆ ಹಾಕಿ, ಅದಕ್ಕಿಂತ ಹೆಚ್ಚಿನದನ್ನು ಹೇಳದೆ ನಿಲ್ಲಿಸಿದಾಗ, ಆ ಆಯುಧದ ರಚನೆಯ ವಿವರಗಳು ಫುಕ್ಸನ ಕೈಯಿಂದ ಆಗಲೇ ರಷ್ಯಕ್ಕೆ ತಲಪಿದ್ದುವು. ಅವನು ಸಿಕ್ಕಿಬಿದ್ದದ್ದು 1950ರ ಫೆಬ್ರವರಿಯಲ್ಲಿ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಅಮೆರಿಕ ತನ್ನ ಮಿತ್ರನ ಮೇಲಿನ ಬೀಗವನ್ನು ಇನ್ನಷ್ಟು ಬಿಗಿ ಮಾಡಿತು. ಏನನ್ನೂ ಹೇಳಬಾರದೆಂದಿದ್ದವನಿಗೆ ಎಲ್ಲವೂ ಗೊತ್ತಾಗಿತ್ತು; ಜೊತೆಯಲ್ಲಿ ಕೂತು ಲೆಕ್ಕ ಹಾಕಿದವನಿಗೆ ಬಾಗಿಲು ಮುಚ್ಚಿತ್ತು.

ಗೂಢಚಾರರ ಮಾತು ಹಾಗಿರಲಿ. ಸ್ಫೋಟವೆಂಬುದೇ ಗುಟ್ಟು ಕಾಯುವ ವಸ್ತುವಲ್ಲ ಎಂಬುದು ಇನ್ನೂ ದೊಡ್ಡ ತೊಡಕು. ಟ್ರಿನಿಟಿ ಪರೀಕ್ಷೆಯ ಚಿತ್ರಗಳನ್ನು 1947ರಲ್ಲಿ ಬಹಿರಂಗಪಡಿಸಿದರು. ಬೆಂಕಿಯ ಚೆಂಡು ಕ್ಷಣಕ್ಷಣಕ್ಕೂ ಹೇಗೆ ಉಬ್ಬಿತೆಂಬುದನ್ನು ತೋರಿಸುವ ಚಿತ್ರಗಳು ಅವು. ಸಮಯದ ಅಳತೆ, ದೂರದ ಅಳತೆ ಅವುಗಳ ಮೇಲೆಯೇ ಇದ್ದುವು. ಗುಡ್ಡದ ಮೇಲೆ ನಿಂತು ನೋಡಿದ್ದ ಅದೇ ಜೆಫ್ರಿ ಟೇಲರ್ ಅವನ್ನಿಟ್ಟುಕೊಂಡು ಗಣಿತ ಮಾಡಿ, ಸ್ಫೋಟದ ಬಲ ಸುಮಾರು 17,000 ಟನ್ ಟಿಎನ್‌ಟಿಯಷ್ಟು ಎಂದು 1950ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಬಿಕಿನಿಯಲ್ಲೂ ಹೀಗೇ ಆಯಿತು. ಬೆಲೆಬಾಳುವ ಮಾಪಕಗಳು ಅನೇಕ ಕಡೆ ಕೈಕೊಟ್ಟಾಗ, ಪೆನಿ ಅಲ್ಲಲ್ಲಿ ಇಡಿಸಿದ್ದ ಖಾಲಿ ಪೆಟ್ರೋಲ್ ಡಬ್ಬಿಗಳು ಎಷ್ಟೆಷ್ಟು ನಜ್ಜುಗುಜ್ಜಾಗಿವೆ ಎಂಬುದನ್ನು ನೋಡಿ ಒತ್ತಡವನ್ನು ಅಂದಾಜು ಮಾಡಿದರು. ತಿಳಿದವನ ಮುಂದೆ ತಗಡಿನ ಡಬ್ಬಿಯೂ ಸಾಕ್ಷಿ ಹೇಳುತ್ತದೆ.

ಎಲ್ಲಕ್ಕಿಂತ ಬಾಯಿಬಡುಕ ಸಾಕ್ಷಿಯೆಂದರೆ ಬೂದಿ. ಬಾಂಬಿನಲ್ಲಿದ್ದ ಲೋಹ, ಅದು ಒಡೆದು ಹುಟ್ಟಿದ ಧಾತುಗಳು, ಸುತ್ತ ಹೊದಿಸಿದ್ದ ಕವಚ, ಎಲ್ಲವೂ ಆವಿಯಾಗಿ ಮೋಡದೊಡನೆ ಏರಿ ಗಾಳಿಯಲ್ಲಿ ತೇಲಿಹೋಗುತ್ತವೆ. ವಿಮಾನಕ್ಕೆ ಸೋಸುಕಾಗದ ಕಟ್ಟಿ ಆ ಗಾಳಿಯಲ್ಲಿ ಹಾಯಿಸಿದರೆ ಸಾವಿರಾರು ಮೈಲಿ ಆಚೆಯೂ ಒಂದು ಚಿಟಿಕೆ ಸಿಕ್ಕುತ್ತದೆ. ಅದನ್ನು ಬಲ್ಲ ರಸಾಯನಶಾಸ್ತ್ರಜ್ಞನಿಗೆ ಬಾಂಬಿನ ಜಾತಕವೇ ಸಿಕ್ಕಿದಂತೆ. 1949ರ ಆಗಸ್ಟ್ 29ರಂದು ರಷ್ಯ ತನ್ನ ಮೊದಲ ಬಾಂಬನ್ನು ಯಾರಿಗೂ ಹೇಳದೆ ಸಿಡಿಸಿದಾಗ ಸೆಪ್ಟೆಂಬರ್ 3ರಂದು ಅಮೆರಿಕದ ಹವಾಮಾನ ವಿಮಾನವೊಂದು ಆ ಬೂದಿಯನ್ನು ಹಿಡಿಯಿತು. ಬ್ರಿಟಿಷ್ ವಿಮಾನಗಳೂ ಹುಡುಕಾಟದಲ್ಲಿ ಕೈಗೂಡಿಸಿದುವು. ತಮ್ಮ ಬಾಂಬಿನ ವಿಷಯ ಮಿತ್ರನಿಗೆ ಹೇಳಲಾರದವರು ಶತ್ರುವಿನ ಬಾಂಬಿನ ವಿಷಯವನ್ನು ಹಂಚಿಕೊಂಡರು. ಸೆಪ್ಟೆಂಬರ್ 23ರಂದು ಟ್ರೂಮನ್ ಲೋಕಕ್ಕೆ ಸಾರಿದರು.

ಅಂದಮೇಲೆ ಪರೀಕ್ಷೆಗೆ ಅತಿಥಿಯನ್ನು ಕರೆಯುವವನ ಮುಂದಿನ ಕಠಿನ ಪ್ರಶ್ನೆ ‘ಬೂದಿಯನ್ನು ಮುಟ್ಟಲು ಬಿಡಬೇಕೆ?’ ಎಂಬುದು. ಇಂಗ್ಲೆಂಡಿಗೆ ಈ ಪ್ರಶ್ನೆ ಎದುರಾದದ್ದು ಅದು ತಾನೇ ಆತಿಥೇಯನಾದಾಗ. 1947ರ ಜನವರಿಯಲ್ಲಿ ಅಟ್ಲೀ ಅವರ ಸರ್ಕಾರ ಸ್ವಂತ ಬಾಂಬನ್ನು ಮಾಡಲು ಗುಟ್ಟಾಗಿ ನಿಶ್ಚಯಿಸಿತು. ಪೆನಿಯ ಹೊಣೆಗಾರಿಕೆಯಲ್ಲಿ ಅದು ಸಿದ್ಧವಾಯಿತು. ಸಿಡಿಸಲು ಜಾಗವೆಲ್ಲಿ? ಅಟ್ಲೀ ಆಸ್ಟ್ರೇಲಿಯದ ಪ್ರಧಾನಿ ಮೆಂಜೀಸ್ ಅವರನ್ನು ಕೇಳಿದರು. ಮೆಂಜೀಸ್ ತಮ್ಮ ಮಂತ್ರಿಮಂಡಲವನ್ನು ಕೂಡ ಕೇಳದೆ ಒಪ್ಪಿಕೊಂಡರು. 1952ರ ಅಕ್ಟೋಬರ್ 3ರಂದು ಪಶ್ಚಿಮ ಆಸ್ಟ್ರೇಲಿಯದ ಮಾಂಟೆ ಬೆಲ್ಲೊ ದ್ವೀಪಗಳ ಬಳಿ ‘ಪ್ಲಿಮ್’ ಎಂಬ ನೌಕೆಯ ಒಡಲಿನಲ್ಲಿಟ್ಟ ಬ್ರಿಟಿಷ್ ಬಾಂಬು ಸಿಡಿಯಿತು.

ಅಮೆರಿಕದಿಂದ ಅವಮಾನ ಅನುಭವಿಸಿದ ಇಂಗ್ಲೆಂಡು ಆಸ್ಟ್ರೇಲಿಯಕ್ಕೆ ಬಾಗಿಲು ತೆರೆಯಿತೆ? ಅತ್ತೆಯಿಂದ ಪಾಡುಪಟ್ಟ ಸೊಸೆ ತಾನು ಅತ್ತೆಯಾದಾಗ ಏನು ಮಾಡುತ್ತಾಳೆಂಬುದು ನಮ್ಮ ಮನೆಗಳಲ್ಲಿ ತಿಳಿಯದ ಸಂಗತಿಯಲ್ಲ. ಮಾರ್ಟಿನ್, ಬ್ಯೂಟ್‌ಮೆಂಟ್, ಟಿಟರ್‌ಟನ್ ಎಂಬ ಮೂವರು ವಿಜ್ಞಾನಿಗಳು ಆಸ್ಟ್ರೇಲಿಯದ ಕಡೆಯಿಂದ ಮಾಂಟೆ ಬೆಲ್ಲೊದಲ್ಲಿ ಹಾಜರಿದ್ದರು. ಬಾಂಬಿನ ಒಳಗಿನದು ಅವರ ದೇಶಕ್ಕೆ ದಕ್ಕತಕ್ಕದ್ದಲ್ಲವೆಂಬುದು ಆತಿಥೇಯರ ನಿಯಮ. ಇದಕ್ಕೆ ಇಂಗ್ಲೆಂಡಿನ ಬಳಿ ನೆಪವೂ ಇತ್ತು: ಅಮೆರಿಕದಿಂದ ಬಂದ ತಿಳಿವಳಿಕೆಯನ್ನು ಮೂರನೆಯವರಿಗೆ ಕೊಡಲು ತನಗೆ ಅಧಿಕಾರವಿಲ್ಲ ಎಂಬುದು. ಟಿಟರ್‌ಟನ್ ಅವರು ಇಂಗ್ಲೆಂಡಿನವರು. ಯುದ್ಧಕಾಲದಲ್ಲಿ ಲಾಸ್ ಅಲಮೋಸ್‌ನಲ್ಲಿ ದುಡಿದು, ಬಳಿಕ ಕ್ಯಾನ್‌ಬೆರಾದಲ್ಲಿ ಪ್ರಾಧ್ಯಾಪಕರಾಗಿದ್ದವರು. ಮುಂದೆ ಅವರು ಪರೀಕ್ಷೆಗಳಿಂದ ಆಸ್ಟ್ರೇಲಿಯದ ಜನರಿಗೆ ಅಪಾಯವಾಗದಂತೆ ಕಾಯಬೇಕಾದ ಸುರಕ್ಷತಾ ಸಮಿತಿಯ ಸದಸ್ಯರೂ, ಅಧ್ಯಕ್ಷರೂ ಆದರು. ಮೂರು ದಶಕಗಳಾದ ಮೇಲೆ ರಾಯಲ್ ಆಯೋಗ ವಿಚಾರಣೆ ನಡೆಸಿ 1985ರಲ್ಲಿ ಕೊಟ್ಟ ವರದಿ ಅವರ ಬಗ್ಗೆ ಕಟುವಾಗಿಯೇ ಮಾತಾಡಿತು: ಬ್ರಿಟಿಷ್ ಪರೀಕ್ಷೆಗಳಿಗೆ ಅನುಕೂಲವಾಗುವುದಾದರೆ ಆಸ್ಟ್ರೇಲಿಯದ ಸರ್ಕಾರದಿಂದಲೂ ಸಹಸದಸ್ಯರಿಂದಲೂ ಸಂಗತಿಗಳನ್ನು ಮರೆಮಾಡಲು ಅವರು ಸಿದ್ಧರಿದ್ದರು ಎಂಬುದು ಅದರ ತೀರ್ಪು. ಅತಿಥಿಯ ಪರವಾಗಿ ನೋಡಬೇಕಾದ ಕಣ್ಣು ಆತಿಥೇಯನದೇ ಆಗಿತ್ತು.

ಈ ನಡುವೆ ಬೂದಿಯ ಪ್ರಶ್ನೆ ಪ್ರಾಣದ ಪ್ರಶ್ನೆಯಾಗಿ ಎದ್ದು ನಿಂತಿತು. 1954ರ ಮಾರ್ಚ್ 1ರಂದು ಬಿಕಿನಿಯಲ್ಲಿ ಅಮೆರಿಕ ‘ಬ್ರಾವೊ’ ಎಂಬ ಜಲಜನಕ ಬಾಂಬನ್ನು ಪರೀಕ್ಷಿಸಿತು. ಸುಮಾರು 6 ಮೆಗಾಟನ್ ಎಂದು ಎಣಿಸಿದ್ದದ್ದು 15 ಮೆಗಾಟನ್ ಬಲದಿಂದ ಸಿಡಿಯಿತು. ಸುಟ್ಟ ಹವಳದ ಬಿಳಿಯ ಬೂದಿ ಪೂರ್ವಕ್ಕೆ ತೇಲಿ ರಾಂಗಲಾಪ್ ದ್ವೀಪದ ಜನರ ಮೇಲೆ ಸುರಿಯಿತು. ಅವರನ್ನು ಅಲ್ಲಿಂದ ತೆರವು ಮಾಡುವ ವೇಳೆಗೆ ಎರಡು ದಿನಗಳಾಗಿದ್ದುವು. ‘ಫುಕುರ್ಯು ಮಾರು’ ಎಂಬ ಜಪಾನೀ ಮೀನುಗಾರರ ದೋಣಿಯ ಮೇಲೂ ಅದು ಬಿತ್ತು. ಮಾರ್ಚ್ 14ರಂದು ಯಾಯ್ಜು ಬಂದರಿಗೆ ಮರಳಿದ 23 ಮಂದಿಯ ಮೈಮೇಲೆ ಸುಟ್ಟ ಗಾಯಗಳು, ಕೂದಲು ಉದುರುವಿಕೆ, ವಾಂತಿ.

ಜಪಾನು ಆಗ ಅಮೆರಿಕದ ಶತ್ರುವಲ್ಲ; ಎರಡು ವರ್ಷಗಳ ಹಿಂದೆಯೇ ರಕ್ಷಣಾ ಒಪ್ಪಂದ ಜಾರಿಗೆ ಬಂದು ಮಿತ್ರನಾಗಿತ್ತು. ಜಪಾನಿನ ವೈದ್ಯರು ಕೇಳಿದ್ದು ಬಾಂಬಿನ ನಕ್ಷೆಯನ್ನಲ್ಲ. ಈ ಬೂದಿಯಲ್ಲಿ ಯಾವ ಯಾವ ಧಾತುಗಳಿವೆ, ರೋಗಿಗಳ ಮೂಳೆಯಲ್ಲಿ ಏನು ಸೇರಿರಬಹುದು, ಹೇಗೆ ಚಿಕಿತ್ಸೆ ಮಾಡಬೇಕು ಎಂಬುದನ್ನು. ಅಮೆರಿಕದ ಪರಮಾಣು ಶಕ್ತಿ ಆಯೋಗ ಬೂದಿಯ ವಿವರವನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಆಯೋಗದ ಅಧ್ಯಕ್ಷ ಲೂಯಿಸ್ ಸ್ಟ್ರಾಸ್ ಮಾರ್ಚ್ 31ರಂದು ಪತ್ರಕರ್ತರ ಮುಂದೆ, ಆ ಗಾಯಗಳಿಗೆ ಕಾರಣ ವಿಕಿರಣಕ್ಕಿಂತ ಹವಳದ ಸುಣ್ಣದ ರಾಸಾಯನಿಕ ಕ್ರಿಯೆಯೇ ಇರಬಹುದೆಂಬ ಅರ್ಥ ಬರುವಂತೆ ಮಾತಾಡಿದರು. ಸೆಪ್ಟೆಂಬರ್ 23ರಂದು ದೋಣಿಯ ರೇಡಿಯೋ ಚಾಲಕ ಕುಬೊಯಾಮ ತೀರಿಕೊಂಡರು.

ಹೇಳದೆ ಇದ್ದುದರಿಂದ ಗುಟ್ಟು ಉಳಿಯಿತೆ ಎಂದರೆ ಅದೂ ಇಲ್ಲ. ಟೋಕಿಯೋ ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರಜ್ಞ ಕಿಮುರ ಅವರೂ ಸಂಗಡಿಗರೂ ದೋಣಿಯಿಂದ ಗುಡಿಸಿ ತೆಗೆದ ಬೂದಿಯನ್ನು ತಾವೇ ಪರೀಕ್ಷಿಸಿ, ಅದರಲ್ಲಿ ಯುರೇನಿಯಂ-237 ಎಂಬ ಅಪರೂಪದ ಧಾತುವನ್ನು ಕಂಡುಹಿಡಿದರು. ಸಾಮಾನ್ಯ ಯುರೇನಿಯಮ್ಮಿಗೆ ಅತಿವೇಗದ ನ್ಯೂಟ್ರಾನು ಬಡಿದಾಗ ಹುಟ್ಟುವ ವಸ್ತು ಅದು. ಜಲಜನಕದ ಸಮ್ಮಿಲನದಿಂದ ಹೊರಟ ನ್ಯೂಟ್ರಾನುಗಳು ಹೊರಗಿನ ಯುರೇನಿಯಂ ಕವಚವನ್ನು ಒಡೆದಿವೆ, ವಿಷದ ಬಹುಪಾಲು ಆ ಕವಚದಿಂದ ಬಂದದ್ದು ಎಂಬುದನ್ನು ಅದರಿಂದ ಊಹಿಸಬಹುದಾಗಿತ್ತು. ಇಂಗ್ಲೆಂಡಿನಲ್ಲಿ ಜೋಸೆಫ್ ರಾಟ್‌ಬ್ಲಾಟ್ 1955ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ರೋಗಿಯ ಚಿಕಿತ್ಸೆಗೆಂದು ಕೇಳಿದಾಗ ಕೊಡದ ವಿವರ ಒಂದೇ ವರ್ಷದಲ್ಲಿ ಲೋಕದ ವಿಜ್ಞಾನಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು. ಕಾಲಕ್ಕೆ ಸರಿಯಾಗಿ ದೊರೆಯದೆ ಹೋದದ್ದು ಆಸ್ಪತ್ರೆಗೆ ಮಾತ್ರ.

ಇಲ್ಲಿಗೆ ಭಾರತದ ಹೆಸರೂ ಬರುತ್ತದೆ. 1954ರ ಏಪ್ರಿಲ್ 2ರಂದು ಜವಾಹರಲಾಲ್ ನೆಹರೂ ಲೋಕಸಭೆಯಲ್ಲಿ, ಶಾಶ್ವತ ನಿಷೇಧ ಆಗುವವರೆಗೆ ಪರೀಕ್ಷೆಗಳನ್ನಾದರೂ ನಿಲ್ಲಿಸುವ ಒಪ್ಪಂದ ಬೇಕೆಂದರು. ಅದರ ಜೊತೆಗೆ ಅವರು ಕೇಳಿದ ಇನ್ನೊಂದು ಮಾತನ್ನು ನಾವು ಹೆಚ್ಚಾಗಿ ಮರೆತಿದ್ದೇವೆ. ಈ ಆಯುಧಗಳ ತಿಳಿದಿರುವ ಪರಿಣಾಮಗಳನ್ನೂ, ತಿಳಿಯದೆ ಇದ್ದರೂ ಆಗಬಹುದಾದವುಗಳನ್ನೂ ಅವನ್ನು ತಯಾರಿಸುವವರೇ ಜನರ ಮುಂದೆ ಪೂರ್ತಿಯಾಗಿ ಇಡಬೇಕು ಎಂಬುದು ಆ ಮಾತು. ಉತ್ತರ ಬೇಗ ಬರಲಿಲ್ಲವಾಗಿ ನಮ್ಮವರೇ ಆ ಕೆಲಸಕ್ಕೆ ಕೈಹಾಕಿದರು, ಡಿ. ಎಸ್. ಕೊಠಾರಿ ಅವರ ನೇತೃತ್ವದಲ್ಲಿ ಅಣುಸ್ಫೋಟಗಳ ಪರಿಣಾಮವನ್ನು ಕುರಿತ ಪುಸ್ತಕ 1956ರಲ್ಲಿ ಭಾರತ ಸರ್ಕಾರದಿಂದಲೇ ಪ್ರಕಟವಾಯಿತು. ವಿಶ್ವಸಂಸ್ಥೆ 1955ರಲ್ಲಿ ವಿಕಿರಣದ ಪರಿಣಾಮಗಳ ಅಧ್ಯಯನಕ್ಕೆಂದು ನೇಮಿಸಿದ 15 ರಾಷ್ಟ್ರಗಳ ವೈಜ್ಞಾನಿಕ ಸಮಿತಿಯಲ್ಲೂ ಭಾರತ ಒಂದಾಯಿತು.

ಈ ಸಮಿತಿಯ ಕಾರಣದಿಂದಲೇ ನಮ್ಮ ಕಥೆಯ ವಿಚಿತ್ರವಾದ ಪ್ರಸಂಗ ಹುಟ್ಟಿಕೊಂಡಿತು. 1957ರ ಜೂನ್‌ನಲ್ಲಿ ಎಡ್ವರ್ಡ್ ಟೆಲ್ಲರ್, ಅರ್ನೆಸ್ಟ್ ಲಾರೆನ್ಸ್ ಮೊದಲಾದವರು ಅಧ್ಯಕ್ಷ ಐಸೆನ್‌ಹೋವರ್ ಅವರನ್ನು ಕಂಡು, ವಿಷಬೂದಿ ಬಹಳ ಕಡಮೆಯಾದ ‘ಶುದ್ಧ ಬಾಂಬು’ ಸಾಧ್ಯ ಎಂದರು. ಕೊಲ್ಲುವ ಬಾಂಬಿಗೆ ಶುದ್ಧಿಯ ಬಿರುದು ಹೇಗೆ ಬಂತೆಂದು ಕೇಳಬೇಡಿ. ಮಡಿ ಎಂಬುದು ಎಲ್ಲ ದೇಶಗಳಲ್ಲೂ ಉಂಟು. 1958ರ ಮಾರ್ಚ್ 26ರಂದು ಐಸೆನ್‌ಹೋವರ್ ಸಾರಿದರು: ಬರುವ ಬೇಸಿಗೆಯಲ್ಲಿ ಪೆಸಿಫಿಕ್‌ನಲ್ಲಿ ಅಂಥ ಒಂದು ಬಾಂಬನ್ನು ಸಿಡಿಸಿ ತೋರಿಸುತ್ತೇವೆ; ಆ 15 ರಾಷ್ಟ್ರಗಳ ಸಮಿತಿಯಿಂದ ವಿಶ್ವಸಂಸ್ಥೆ ವೀಕ್ಷಕರನ್ನು ಆರಿಸಿ ಕಳುಹಿಸಲಿ. ಪರೀಕ್ಷೆಗೆ ‘ಪಿನ್ಯೋನ್’ ಎಂದು ಹೆಸರಿಟ್ಟದ್ದೂ ಆಯಿತು.

ಕರೆಯುವುದೇನೋ ಕರೆದರು. ಈಗ ಅತಿಥಿಗಳಿಗೆ ಏನು ತೋರಿಸುವುದು? ಬೆಂಕಿಯನ್ನೂ ಮೋಡವನ್ನೂ ತೋರಿಸಿದರೆ ಸಾಲದು. ಶುದ್ಧ ಬಾಂಬಿನ ಮೋಡಕ್ಕೂ ಮೈಲಿಗೆಯ ಬಾಂಬಿನ ಮೋಡಕ್ಕೂ ಕಣ್ಣಿಗೆ ವ್ಯತ್ಯಾಸವಿಲ್ಲ. ಅಮೆರಿಕದವರೇ ಅಳೆದು ಹೇಳಿದ ಅಂಕಿಗಳನ್ನು ಹೊರಗಿನವರು ನಂಬಬೇಕಾದ ಕಾರಣವಿಲ್ಲ. ಅತಿಥಿಗಳು ತಾವೇ ನಂಬಬೇಕಾದರೆ ಬೂದಿಯನ್ನು ಅವರ ಕೈಗೇ ಕೊಡಬೇಕು. ಬೂದಿಯನ್ನು ಕೊಟ್ಟರೆ ಬಾಂಬಿನ ಜಾತಕವನ್ನೂ ಕೊಟ್ಟಂತೆ. ಟೋಕಿಯೋದ ಪ್ರಯೋಗಶಾಲೆ ಅದನ್ನು ನಾಲ್ಕು ವರ್ಷಗಳ ಹಿಂದೆಯೇ ತೋರಿಸಿಕೊಟ್ಟಿತ್ತು. ಗುಟ್ಟು ಬಿಡದೆ ನಂಬಿಕೆ ಇಲ್ಲ, ನಂಬಿಕೆ ಬೇಕಾದರೆ ಗುಟ್ಟು ಉಳಿಯದು. ಅತ್ತ ಜಿನೀವದಲ್ಲಿ ಜುಲೈ 1ರಿಂದ ಪೂರ್ವ ಪಶ್ಚಿಮಗಳ ತಜ್ಞರು ಸೇರಿ, ಪರೀಕ್ಷೆಗಳನ್ನು ನಿಷೇಧಿಸಿದರೆ ಕಳ್ಳತನದ ಸ್ಫೋಟಗಳನ್ನು ಪತ್ತೆಹಚ್ಚುವುದು ಹೇಗೆಂದು ಚರ್ಚಿಸತೊಡಗಿದ್ದರು. ಆ ಬೇಸಿಗೆಯಲ್ಲಿ ಅಮೆರಿಕ ಪೆಸಿಫಿಕ್‌ನಲ್ಲಿ 35 ಸ್ಫೋಟಗಳನ್ನು ನಡೆಸಿತು. ಅತಿಥಿಗಳಿಗಾಗಿ ಮೀಸಲಿಟ್ಟದ್ದು ಅವುಗಳಲ್ಲಿ ಸೇರಲಿಲ್ಲ, ಅದನ್ನು ರದ್ದುಮಾಡಿದರು.

ಅದೇ 1958ರ ಜುಲೈ 3ರಂದು ಅಮೆರಿಕವೂ ಇಂಗ್ಲೆಂಡೂ ಹೊಸ ಒಪ್ಪಂದಕ್ಕೆ ಸಹಿ ಹಾಕಿ, ಹನ್ನೆರಡು ವರ್ಷ ಮುಚ್ಚಿದ್ದ ಬಾಗಿಲನ್ನು ತೆರೆದುವು. ಮಿತ್ರಪ್ರೇಮ ತಟ್ಟನೆ ಉಕ್ಕಿತೆಂದು ಯಾರೂ ಭಾವಿಸಬೇಕಾಗಿಲ್ಲ. ಹಿಂದಿನ ಅಕ್ಟೋಬರಿನಲ್ಲಿ ರಷ್ಯದ ಸ್ಪುಟ್ನಿಕ್ ಆಕಾಶಕ್ಕೇರಿತ್ತು. ನವೆಂಬರ್ 8ರಂದು ಇಂಗ್ಲೆಂಡು ಕ್ರಿಸ್‌ಮಸ್ ದ್ವೀಪದಲ್ಲಿ ಮೆಗಾಟನ್ ಮೀರಿದ ಜಲಜನಕ ಬಾಂಬನ್ನು ತಾನೇ ಸಿಡಿಸಿತ್ತು. ಹೇಳಬೇಕಾದ ಗುಟ್ಟು ಹೆಚ್ಚೇನೂ ಉಳಿಯದ ಮೇಲೆ ಹೇಳಲು ಒಪ್ಪಿಗೆ ದೊರೆಯಿತು.

ಗುಟ್ಟು ಕಾಯುವುದೇ ತಪ್ಪೆಂದು ನನ್ನ ವಾದವಲ್ಲ. ಊರಿಗೆಲ್ಲ ಬೆಂಕಿ ಹಚ್ಚಬಲ್ಲ ವಿದ್ಯೆಯನ್ನು ಸಂತೆಯಲ್ಲಿ ಹರಡಿ ಕೂರಬೇಕೆಂದು ಬುದ್ಧಿಯಿರುವವರು ಹೇಳಲಾರರು. ನಮ್ಮ ದೇಶವೂ 1974ರಲ್ಲಿ, 1998ರಲ್ಲಿ ಪೋಖ್ರಾನಿನಲ್ಲಿ ತನ್ನ ಸ್ಫೋಟಗಳನ್ನು ನಡೆಸಿದಾಗ ಹೊರಗಿನವರಿಗೆ ಕರೆಯೋಲೆ ಕಳುಹಿಸಲಿಲ್ಲ. ಬಾಂಬನ್ನು ಮಾಡುವ ಬಗೆ ಒಂದು, ಬಾಂಬು ಮನುಷ್ಯನಿಗೆ ಮಾಡುವ ಗತಿ ಇನ್ನೊಂದು. ಮೊದಲನೆಯದನ್ನು ಮುಚ್ಚಿ ಎರಡನೆಯದನ್ನು ತಿಳಿಸಬಹುದು ಎಂಬುದು ಬಿಕಿನಿಯ ಕಾಲದ ಸೂತ್ರ. ಸೂತ್ರದಲ್ಲಿ ನ್ಯಾಯವಿತ್ತು. ಆದರೆ ಎರಡೂ ಒಂದೇ ಚಿಟಿಕೆ ಬೂದಿಯಲ್ಲಿ ಬೆರೆತಿದ್ದುವು. ಎಂಜಿನಿಯರನಿಗೆ ಅದು ನಕ್ಷೆ, ವೈದ್ಯನಿಗೆ ರೋಗನಿದಾನ. ಎರಡರಲ್ಲಿ ಒಂದನ್ನು ಆರಿಸಬೇಕಾದಾಗಲೆಲ್ಲ ಸರ್ಕಾರಗಳು ನಕ್ಷೆಯನ್ನು ಕಾಪಾಡಲು ನೋಡಿದುವು. ನಿದಾನ ಕಾದುಕೊಂಡಿರಲಿ ಎಂದುವು.

ಹಾಗೆ ಕಾದವರು ಎಷ್ಟು ಕಾಲ ಕಾದರೆಂಬುದಕ್ಕೆ ಮತ್ತೆ ಆಸ್ಟ್ರೇಲಿಯಕ್ಕೇ ಹೋಗಬೇಕು. 1953ರ ಅಕ್ಟೋಬರ್ 15ರಂದು ಎಮು ಫೀಲ್ಡ್ ಎಂಬಲ್ಲಿ ನಡೆದ ಪರೀಕ್ಷೆಯ ಬಳಿಕ ವಾಲಟಿನ ಎಂಬ ಕಡೆ ಕಪ್ಪು ಮಂಜು ಕವಿಯಿತೆಂದು ಅಲ್ಲಿನ ಮೂಲನಿವಾಸಿಗಳು ಹೇಳುತ್ತ ಬಂದರು. ಆಗ ಬಾಲಕನಾಗಿದ್ದು ಮುಂದೆ ಎರಡು ಕಣ್ಣುಗಳನ್ನೂ ಕಳೆದುಕೊಂಡ ಯಾಮಿ ಲೆಸ್ಟರ್ ಅವರ ಮಾತಿಗೆ ವಿಚಾರಣೆಯ ಆಯೋಗ ಕಿವಿಗೊಟ್ಟದ್ದು ಮೂವತ್ತು ವರ್ಷಗಳ ಮೇಲೆ. ಅಂಥ ಮಂಜು ಕವಿದದ್ದು ನಿಜವೆಂದು ಆಯೋಗ ಒಪ್ಪಿತು. ಮಾರಲಿಂಗದಲ್ಲಿ 1960ರಿಂದ 1963ರವರೆಗೆ ನಡೆಸಿದ ಸಣ್ಣ ಪ್ರಯೋಗಗಳು ಸುಮಾರು 22 ಕಿಲೋಗ್ರಾಂ ಪ್ಲುಟೋನಿಯಮ್ಮನ್ನು ಚದುರಿಸಿದ್ದುವು. 1967ರಲ್ಲಿ ನೆಲವನ್ನು ಉತ್ತು ಮಗುಚಿ, ಮರುವರ್ಷ ವರದಿ ಬರೆದು ಬ್ರಿಟಿಷರು ಹೊರಟುಹೋದರು. 1984ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ತಾವೇ ಅಳೆದು ನೋಡಿದಾಗ ಆ ವರದಿಯಿಂದ ತಿಳಿದದ್ದಕ್ಕಿಂತ ಬಹು ಹೆಚ್ಚಿನ ವಿಷ ನೆಲದ ಮೇಲೆಯೇ ಇತ್ತು. ಅದನ್ನು ತೆಗೆಯುವ ಕೆಲಸ ಮುಗಿದದ್ದು 2000ದಲ್ಲಿ. ಉಳಿದ ನೆಲ ಅದರ ಹಳೆಯ ಒಡೆಯರಿಗೆ ಮರಳಿದ್ದು 2009ರಲ್ಲಿ. ಕಥೆ ಮುಗಿಯಿತೆನ್ನುವ ಹೊತ್ತಿಗೆ, 2018ರ ಕೊನೆಯಲ್ಲಿ, ಈ ಪರೀಕ್ಷೆಗಳಿಗೆ ಸಂಬಂಧಿಸಿದ ಎಷ್ಟೋ ಕಡತಗಳನ್ನು ಬ್ರಿಟನ್ನಿನ ರಾಷ್ಟ್ರೀಯ ದಫ್ತರಖಾನೆಯಲ್ಲಿ ಸಾರ್ವಜನಿಕರ ಕೈಗೆ ಸಿಕ್ಕದಂತೆ ಹಿಂದಕ್ಕೆ ತೆಗೆದುಕೊಂಡರು.

1963ರ ಒಪ್ಪಂದದ ಬಳಿಕ ಅದಕ್ಕೆ ಸಹಿ ಹಾಕಿದವರ ಸ್ಫೋಟಗಳು ಭೂಮಿಯೊಳಕ್ಕೆ ಇಳಿದುವು. ಬೂದಿಯ ಬದಲು ಬಂಡೆ ಸುದ್ದಿ ಹೇಳತೊಡಗಿತು. ನಮ್ಮ ಬೆಂಗಳೂರಿನ ಉತ್ತರಕ್ಕಿರುವ ಗೌರಿಬಿದನೂರಿನ ಬಳಿ ಇಂಗ್ಲೆಂಡಿನ ಸಹಕಾರದಿಂದ 1965ರಲ್ಲಿ ಭೂಕಂಪಮಾಪಕಗಳ ಸಾಲೊಂದನ್ನು ನೆಲದಲ್ಲಿ ಹೂಡಿದರು. ಸ್ಕಾಟ್ಲೆಂಡ್, ಕೆನಡ, ಆಸ್ಟ್ರೇಲಿಯಗಳಲ್ಲೂ ಇದರ ಜೊತೆಯವು ಇವೆ. ಸಾವಿರಾರು ಮೈಲಿ ಆಚೆ ಯಾರಾದರೂ ಬಾಂಬು ಸಿಡಿಸಿದರೆ ಗೌರಿಬಿದನೂರಿನ ಬಂಡೆ ಕೆಲವೇ ನಿಮಿಷಗಳಲ್ಲಿ ಅದನ್ನು ಬರೆದುಕೊಳ್ಳುತ್ತದೆ. ಕರೆಯೋಲೆಯ ಹಂಗು ಅದಕ್ಕಿಲ್ಲ. ವಿಮಾನ, ಪ್ರಯೋಗಶಾಲೆ, ಮಾಪಕ ಇವುಗಳಿರುವ ರಾಷ್ಟ್ರಗಳಿಂದ ಬಹುಕಾಲ ಏನನ್ನೂ ಮರೆಮಾಡಲು ಆಗಲಿಲ್ಲ. ಮರೆಮಾಡಲು ಆದದ್ದು ರಾಂಗಲಾಪಿನ ಬೆಸ್ತರಿಂದ, ವಾಲಟಿನದ ಮಕ್ಕಳಿಂದ, ಯಾಯ್ಜು ಬಂದರಿನ ಆಸ್ಪತ್ರೆಯಿಂದ. ಅತಿಥಿಗಳಿಗೆ ಏನು ಹೇಳಬೇಕೆಂದು ಚರ್ಚಿಸಿದ ಸಭೆಗಳ ನಡಾವಳಿಗಳು ಸಂಪುಟಗಟ್ಟಲೆ ಉಳಿದಿವೆ. ಮೋಡದ ಕೆಳಗೆ ಮನೆ ಮಾಡಿಕೊಂಡಿದ್ದವರಿಗೆ ಏನು ಹೇಳಬೇಕು ಎಂಬ ಪ್ರಶ್ನೆಯನ್ನೂ ಅವುಗಳಲ್ಲಿ ಅಷ್ಟೇ ಶ್ರದ್ಧೆಯಿಂದ ಎತ್ತಿಕೊಂಡಿದ್ದರೆ, 1985ರ ಆಯೋಗಕ್ಕೆ ಕೆಲಸ ಬಹಳ ಕಡಮೆಯಾಗುತ್ತಿತ್ತು.